ಹಿಪ್ಪರಗಿ ಬಸ್ಸಿನ ಬುತ್ತಿ

ಜಮಖಂಡಿ
ಜುಲೈ 8, 2025

ಅವ್ವಾ,

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಫೇಲಾದೆ. ಸಿ.ಎ. ಇಂಟರ್, ಮೊದಲ ಗುಂಪು, ನಾಲ್ಕನೇ ಸಲ. ಮೂರು ಪೇಪರಿನಲ್ಲೂ ಬೇಕಾದಷ್ಟು ಬಂದಿದೆ, ಒಟ್ಟು ಮಾತ್ರ ನೂರ ನಲವತ್ತೆಂಟು. ನೂರ ಐವತ್ತು ಬೇಕಿತ್ತು. ಎರಡು ಅಂಕ, ಅವ್ವಾ. ಎರಡೇ ಎರಡು. ಇಪ್ಪತ್ತು ಕಡಿಮೆಯಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮನೆಯಲ್ಲಿರುವುದು ಅಪ್ಪನ ಫೋನು. ಅವನು ಅದನ್ನು ಕಟ್ಟೆಯ ಮೇಲಿಟ್ಟು ಓಣಿಗೆಲ್ಲ ಕೇಳುವ ಹಾಗೆ ಮಾಡುತ್ತಾನೆ, ನೀನು ದೂರ ನಿಂತು "ಹೂಂ, ಆತು, ಇಡತೀನಿ" ಅನ್ನುತ್ತೀ. ನಿನ್ನ ಜೊತೆ ಮಾತಾಡಬೇಕೆಂದರೆ ನನಗೆ ಬುತ್ತಿಯ ಗಂಟೇ ಗತಿ. ಆರು ವರ್ಷದಿಂದ ದಿನಾ ಬೆಳಿಗ್ಗೆ ನೀನು ಹಿಪ್ಪರಗಿಯಲ್ಲಿ ಏಳೂವರೆಯ ಬಸ್ಸಿಗೆ ರೊಟ್ಟಿ ಕಟ್ಟಿ ಕೊಡುತ್ತೀ, ನಾನು ಜಮಖಂಡಿ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತೇನೆ, ಸಂಜೆ ಖಾಲಿ ಡಬ್ಬಿಯಲ್ಲಿ ಚೀಟಿ ಇಟ್ಟು ಅದೇ ಬಸ್ಸಿಗೆ ಹತ್ತಿಸುತ್ತೇನೆ. ಈ ಚೀಟಿಯನ್ನೂ ಕಂಡಕ್ಟರ್ ಅಪ್ಪಾಸಾಬನ ಕೈಗೇ ಕೊಡುತ್ತಿದ್ದೇನೆ.

ಅಪ್ಪನನ್ನು ಸಮಾಧಾನ ಮಾಡಲು ಕಳಿಸಬೇಡ. ನಾಳೆ ಬುತ್ತಿಯಲ್ಲಿ ಹೋಳಿಗೆ ಇಡಬೇಡ. ಹೋದ ಸಲ ಫೇಲಾದಾಗ ಹೋಳಿಗೆ ಬಂತು, ಅದರ ಹಿಂದಿನ ಸಲವೂ ಬಂತು. ಈಗ ಹೋಳಿಗೆ ನೋಡಿದರೇ ನನಗೆ ಫೇಲಾದ ಹಾಗನ್ನಿಸುತ್ತದೆ.

ನಮ್ಮ ಮನೆಯಲ್ಲಿ ಎಲ್ಲವೂ ನನ್ನ ಮೇಲೆ ನಿಂತಿದೆ. ಗೋಡೆಗೆ ಬಣ್ಣ? ಗಂಗಾ ಪಾಸಾಗಲಿ. ಸಂಜಯಣ್ಣನ ಮದುವೆ? ಗಂಗಾ ಪಾಸಾಗಲಿ. ನೀನು ಬೀಳಗಿಗೆ ನಿನ್ನ ತಂಗಿಯ ಮನೆಗೆ ಹೋಗುವುದು? ಅದೂ ಗಂಗಾ ಪಾಸಾದ ಮೇಲೆ. ನಾನು ಬಾಯಿಬಿಟ್ಟು ನಗುವುದಕ್ಕೂ ಅದೇ ಮುಹೂರ್ತ. ಇವತ್ತು ಮಾಳಿಗೆ ಹತ್ತಿ ಇಳಿದು, ಹತ್ತಿ ಇಳಿದು, ಕೋಣೆಯಲ್ಲಿ ನನ್ನ ಜೊತೆಗಿರುವ ಮುಧೋಳದ ಪ್ರೀತಿಗೆ ತಲೆ ಕೆಟ್ಟಿತು. "ಏ, ಒಂದ ಕಡಿ ಕುಂಡ್ರ ಬೇ, ನಿನ್ನ ನೋಡಿ ನನಗ ಚಕ್ಕರ್ ಬರಾಕತ್ತಾವ" ಅಂದಳು. ಆದರೂ ಕೂರಲಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ ಇದೆ. ಏನು ಮಾಡಬೇಕೋ ನನಗೇ ತಿಳಿಯುತ್ತಿಲ್ಲ.

ನಿನ್ನ ಗಂಗಾ


ಹಿಪ್ಪರಗಿ
ಜುಲೈ 10

ಗಂಗವ್ವಾ, ನನ್ನ ಬಂಗಾರಾ,

ಚೀಟಿ ಮುಟ್ಟಿತು. ನಾ ಏಳನೇತ್ತಾ ಕಲತಾಕಿ, ನಿನ್ನಂಗ ಪುಸ್ತಕದ ಮಾತ ಬರಿಯಾಕ ಬರೂದಿಲ್ಲ. ಬಾಯಾಗ ಬಂದಂಗ ಬರೀತೀನಿ.

ನಿಮ್ಮಪ್ಪಗ ಹೇಳಿದೆ. ಕಬ್ಬಿಗಿ ನೀರ ಬಿಟ್ಟ ಬಂದಿದ್ರು. ಕಾಲ ಸೈತ ತೊಳಿಲಾರದ ಕಟ್ಟಿ ಮ್ಯಾಲ ಕುಂತ್ರು. ಆಮ್ಯಾಲ "ಎರಡ ಮಾರ್ಕ್ಸ ಅಂದ್ರ ಪಾಸಾದಂಗ ಆತಲ್ಲ, ಮುಂದಿನ ಸಲ ಆಕ್ಕೈತಿ ಬಿಡ" ಅಂದ್ರು. ಸಂಜೀಕ ಬಾಜೂ ಮನಿ ಗುರಪ್ಪ ಬಂದ "ರಿಜಲ್ಟ ಏನಾತ್ರೀ?" ಅಂತ ಕೇಳಿದ್ರ, "ಇನ್ನೂ ಬಂದಿಲ್ಲ" ಅಂದ್ರು. ಸುಳ್ಳ ಹೇಳಿ ಗೊತ್ತಿಲ್ಲದ ಮನಶಾ, ಹೇಳಿದವರ ಎದ್ದ ಒಳಗ ಬಂದ್ರು.

ನೀ ಏನೂ ಚಿಂತಿ ಮಾಡಬ್ಯಾಡ. ಮತ್ತ ಬರಿ. ಓದೂದಷ್ಟ ನೀ ನೋಡ, ಬುತ್ತಿ ನನಗ ಬಿಡ. ನಾಕಕ್ಕ ಎದ್ದ ರೊಟ್ಟಿ ಬಡಿಯೂದು ನನಗೇನ ಭಾರ ಅಲ್ಲ. ತಾರವ್ವ ಪಂಚಮಿಗಿ ಬಾ ಅಂತ ಬೀಳಗಿಯಿಂದ ಕರ್ಯಾಕತ್ತಾಳ. ಆರ ವರ್ಷ ಆತು, ತಂಗಿ ಮನ್ಯಾಗ ನಾ ಒಂದ ದಿನ ವಸ್ತಿ ಮಾಡಿಲ್ಲ. "ನಾ ಬಂದ್ರ ಬುತ್ತಿ ಯಾರ ಕಟ್ಟತಾರ ಬೇ?" ಅಂದೆ. ಅಕಿ ಸಿಟ್ಟಾಗ್ಯಾಳ. ಆಗಲಿ.

ಹೋಳಿಗಿ ಇಟ್ಟಿಲ್ಲ. ಬೆಲ್ಲದ ಮಾದ್ಲಿ ಇಟ್ಟೇನಿ. ಮಾದ್ಲಿ ಬ್ಯಾಡ ಅಂತ ನೀ ಬರದಿಲ್ಲ.

ನಿಮ್ಮವ್ವ ಕಸ್ತೂರೆವ್ವ


ಜಮಖಂಡಿ
ಜುಲೈ 30

ಅವ್ವಾ,

ಪಂಚಮಿ ಉಂಡಿ ಬಂದವು. ಹಬ್ಬಕ್ಕೆ ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ, ಓದು ಬಹಳ ಇದೆ. ನಾಳೆಯಿಂದ ಐದು ರೊಟ್ಟಿ ಬೇಡ, ಎರಡು ಸಾಕು. ಯಾಕೋ ಹಸಿವೆ ಇಲ್ಲ. ಮತ್ತೇನಿಲ್ಲ.

ಗಂಗಾ


ಹಿಪ್ಪರಗಿ
ಆಗಸ್ಟ್ 11

ಗಂಗಾ,

ಒಂದ ಮಾತ ಕೇಳತೀನಿ, ಖರೆ ಹೇಳ.

ಇಪ್ಪತ್ತ ದಿನ ಆತು, ಡಬ್ಬಿ ತೊಳದ ಬರಾಕತ್ತೈತಿ. ತೊಳದ ಅಂದ್ರ ಹೆಂಗ? ತಿಕ್ಕಿ, ಒರಸಿ, ಬಿಸಲಾಗ ಒಣಗಿಸಿ. ಆರ ವರ್ಷದಾಗ ನೀ ಒಮ್ಮ್ಯಾರ ಡಬ್ಬಿ ತೊಳದೀ ಏನ? ಬದನಿಕಾಯಿ ಎಣ್ಣಿ ಜಿಡ್ಡ ಹಂಗ ಬರತಿತ್ತು, ಮುಚ್ಚಳಕ್ಕ ಶೇಂಗಾ ಹಿಂಡಿ ಮೆತ್ತಿರತಿತ್ತು, ನಾ ಬೈಕೋತ ತಿಕ್ಕತಿದ್ದೆ. ಬೈಕೋತ ತಿಕ್ಕಿದ್ರೂ ಮಗಳ ಹೊಟ್ಟಿ ತುಂಬ ಉಂಡಾಳ ಅಂತ ಗೊತ್ತಾಗತಿತ್ತು. ಈಗ ಫಳಫಳ ಹೊಳ್ಯಾಕತ್ತೈತಿ. ನನಗ ಹೆದರಿಕಿ ಬರಾಕತ್ತೈತಿ.

ಮತ್ತ ಪುಂಡಿಪಲ್ಯ ನಿನಗ ಸೇರೂದಿಲ್ಲ. ಸಣ್ಣಾಕಿ ಇದ್ದಾಗಿಂದ ಮೂಗ ಮುರಿಯಾಕಿ. ಮೂರ ಸಲ ಬೇಕಂತ ಪುಂಡಿಪಲ್ಯ ಹಾಕಿ ಕಳಿಸಿದೆ. ಒಂದ ಚೂರೂ ಉಳದ ಬರಲಿಲ್ಲ.

ನನ್ನ ಬುತ್ತಿ ಯಾರ ತಿನ್ನಾಕತ್ತಾರ ಗಂಗಾ? ನೀ ಎಲ್ಲಿ ಉಣ್ಣಾಕತ್ತಿ? ಇಲ್ಲಾ ಉಣ್ಣೂದ ಬಿಟ್ಟೀಯೋ?

ನಿಮ್ಮವ್ವ


ಜಮಖಂಡಿ
ಆಗಸ್ಟ್ 13

ಅವ್ವಾ,

ಪುಂಡಿಪಲ್ಯ ಹಾಕಿ ಪರೀಕ್ಷೆ ಮಾಡಿದೆಯಾ! ಸಿ.ಎ. ಪರೀಕ್ಷೆ ನಡೆಸುವವರಿಗಿಂತ ನೀನೇ ಗಟ್ಟಿ. ಸರಿ, ಸಿಕ್ಕಿಬಿದ್ದೆ. ಎಲ್ಲ ಹೇಳುತ್ತೇನೆ.

ಬುತ್ತಿ ತಿನ್ನುತ್ತಿರುವವಳು ಪ್ರೀತಿ. ಡಬ್ಬಿ ತೊಳೆಯುವವಳೂ ಅವಳೇ. ಅವಳಿಗೆ ಅವಳವ್ವ ಹಾಗೆ ಕಲಿಸಿದ್ದಾಳೆ, ನೀನು ನನಗೆ ಕಲಿಸಲಿಲ್ಲ. ಬುತ್ತಿ ಬರುವ ಹೊತ್ತಿಗೆ ನಾನು ಜಮಖಂಡಿಯಲ್ಲೇ ಇರುವುದಿಲ್ಲ. ದಿನಾ ಎಂಟರ ಬಸ್ಸಿಗೆ ಬನಹಟ್ಟಿಗೆ ಹೋಗುತ್ತೇನೆ. ಅಲ್ಲಿ ಸುಭಾಷ್ ಎಂಬುವರು ಹತ್ತು ಮಗ್ಗ ಇಟ್ಟುಕೊಂಡು ಸೀರೆ ನೇಯಿಸುತ್ತಾರೆ. ಪ್ರೀತಿಯ ಬಸುರಿ ಅಕ್ಕನ ಕುಬಸಕ್ಕೆ ಸೀರೆ ನೋಡಲು ಹೋಗಿದ್ದೆವು. ಒಂದು ಸೀರೆಗೆ ನೂಲೆಷ್ಟು, ಕೂಲಿಯೆಷ್ಟು, ಕರೆಂಟೆಷ್ಟು ಎಂದು ಲೆಕ್ಕ ಹತ್ತದೆ ಆ ಮನುಷ್ಯ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ನಾನು ಸುಮ್ಮನಿರಬೇಕೋ ಬೇಡವೋ? ಅವರ ಪೆನ್ನು ಇಸಿದುಕೊಂಡು ಬರೆದು ತೋರಿಸಿದೆ. "ನಾಳಿಯಿಂದ ಬರ್ತೀಯೇನವಾ?" ಅಂದರು. "ಬರ್ತೀನ್ರಿ" ಅಂದೆ. ಆರು ವರ್ಷದಲ್ಲಿ ಯಾರನ್ನೂ ಕೇಳದೆ ಮಾಡಿದ ಕೆಲಸ ಅದೊಂದೇ.

ಮಧ್ಯಾಹ್ನ ಕಂಡಿಕೆಗೆ ನೂಲು ಸುತ್ತುವ ಹೆಂಗಸರ ಜೊತೆ ಕೂತು ಉಣ್ಣುತ್ತೇನೆ. ಹಸಿದುಕೊಂಡಿಲ್ಲ, ಹೆದರಬೇಡ. ಶಿವವ್ವ ಎಂಬಾಕೆ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಾಳೆ. "ಸಿ.ಎ. ಅಂದ್ರ ಏನವಾ, ಡಾಕ್ಟರಕಿಂತ ದೊಡ್ಡದೇನ?" ಎಂದು ಕೇಳಿದಳು. "ಎಷ್ಟ ವರ್ಷ ಹೋದ್ರೂ ಮುಗಿಲಾರದ ಸಾಲಿ ಬೇ" ಅಂದೆ. "ಹಂಗಾರ ನಮ್ಮ ಕಂಡಿಕಿ ಕೆಲಸದಂಗ ಆತು" ಎಂದು ನಕ್ಕಳು. ನಾನೂ ನಕ್ಕೆ.

ಇನ್ನೊಂದಿದೆ. ಸೆಪ್ಟೆಂಬರ್ ಪರೀಕ್ಷೆಗೆ ಅರ್ಜಿ ತುಂಬುವ ದಿನ ಹೋದ ತಿಂಗಳೇ ಮುಗಿಯಿತು. ನಾನು ತುಂಬಲಿಲ್ಲ. ಮರೆತದ್ದಲ್ಲ. ಕೊನೆಯ ದಿನ ಸಂಜೆ ಕಂಪ್ಯೂಟರ್ ಅಂಗಡಿಯ ಮುಂದೆ ನಾಲ್ಕು ಸಲ ಅಡ್ಡಾಡಿ ಕೋಣೆಗೆ ಬಂದು ಮಲಗಿದೆ.

ಪರೀಕ್ಷೆ ಬಿಟ್ಟರೆ ಸುಖವಾಗಿರುತ್ತೇನೆ ಅಂದುಕೊಂಡಿದ್ದೆ. ಎರಡು ವಾರ ಇದ್ದೆ, ಸುಳ್ಳು ಯಾಕೆ ಹೇಳಲಿ. ಮಗ್ಗಗಳ ಸದ್ದಿನಲ್ಲಿ ನನ್ನ ತಲೆಯೊಳಗಿನ ಸದ್ದು ಕೇಳಿಸುತ್ತಿರಲಿಲ್ಲ. ಆಮೇಲೆ ಅದೇ ಚಡಪಡಿಕೆ ನನ್ನ ಜೊತೆ ಬನಹಟ್ಟಿ ಬಸ್ಸು ಹತ್ತಿ ಬಂತು. ಅಂದರೆ ಅದು ಪರೀಕ್ಷೆಯದಲ್ಲ ಅವ್ವಾ, ನನ್ನದೇ. ನನಗೇನು ಬೇಕು ಎಂದು ನಾನು ಒಂದು ದಿನವೂ ಕೇಳಿಕೊಂಡಿಲ್ಲ. ಪಾಸಾದ ಮೇಲೆ ಕೇಳಿಕೊಂಡರಾಯಿತು ಎಂದು ಬಿಟ್ಟಿದ್ದೆ.

ಬುತ್ತಿ ನಿಲ್ಲಿಸು. ನೀನು ಬೀಳಗಿಗೆ ಹೋಗಿ ನಾಲ್ಕು ದಿನ ಇದ್ದು ಬಾ. ಅಪ್ಪನಿಗೆ ನಾನೇ ಹೇಳುತ್ತೇನೆ, ಸ್ವಲ್ಪ ದಿನ ಕೊಡು.

ಗಂಗಾ


ಹಿಪ್ಪರಗಿ
ಆಗಸ್ಟ್ 20

ಗಂಗಾ,

ಬುತ್ತಿ ನಿಲ್ಲಸು ಅನ್ನಾಕ ನೀ ಯಾರ?

ಮಂದಿ ಮನಿ ಹುಡುಗಿಗಿ ತಿಂಗಳಾನಗಟ್ಲೆ ಉಣಿಸೇನಿ. ಉಣ್ಣಲಿ, ನನಗೇನ ಹೊಟ್ಟಿಕಿಚ್ಚಿಲ್ಲ. ಆದ್ರ ನಸಕಿನ್ಯಾಗ ಒಲಿ ಮುಂದ ಕುಂತ 'ಇದ ಗಂಗಾಗ, ಇದೂ ಗಂಗಾಗ' ಅಂತ ಒಂದೊಂದ ರೊಟ್ಟಿ ತಟ್ಟತಿದ್ದೆ. ನನ್ನ ಹುಚ್ಚಿ ಮಾಡಿದಿ ನೀ. ನಿನ್ನ ವಾರಗಿ ಹುಡುಗ್ಯಾರು ಲಗ್ನ ಆಗಿ ಎರಡೆರಡ ಹಡದಾರ. ಗುರಪ್ಪನ ಹೇಣ್ತಿ ಅದನ್ನ ನನ್ನ ಮುಂದ ದಿನಾ ಅಂದ ತೋರಸ್ತಾಳ. ನಿಮ್ಮಪ್ಪನ ಕೂಡ ಜಗಳಾಡಿ ನಿನ್ನ ಓದಾಕ ಕಳಿಸಿದಾಕಿ ನಾ. ಮರತಿ?

ಅರ್ಜಿ ತುಂಬಲಿಲ್ಲಂತ! ತುಂಬೂದ ಬಿಡೂದ ನಿನ್ನ ಕೈಯಾಗ ಇರಬೌದು. ನನಗೊಂದ ಮಾತ ಹೇಳಾಕ ಏನಾಗಿತ್ತು?

ನನಗ ಬ್ಯಾರೆ ಸುಖಾ ಏನೈತಿ ಹೇಳ. ನೀ ಸುಖಾ ಇದ್ರ ನಾ ಸುಖಾ. ಅಷ್ಟ.

ಬುತ್ತಿ ಬರತೈತಿ. ತಿಂದ್ರ ತಿನ್ನ, ಬಿಟ್ರ ಬಿಡ. ನಿಮ್ಮಪ್ಪಗ ನಾ ಏನೂ ಹೇಳಿಲ್ಲ. ಹೇಳಾಕ ಬಾಯಿ ಬರವಲ್ದು.

ಕಸ್ತೂರೆವ್ವ


ಜಮಖಂಡಿ
ಸೆಪ್ಟೆಂಬರ್ 4

ಅವ್ವಾ,

ಪ್ರೀತಿ ತನ್ನ ಅಕ್ಕನ ಹೆರಿಗೆಯೆಂದು ಮುಧೋಳಕ್ಕೆ ಹೋಗಿದ್ದಾಳೆ. ಮೂರು ದಿನದಿಂದ ನಿನ್ನ ಬುತ್ತಿಯನ್ನು ಯಾರೂ ಇಳಿಸಿಕೊಂಡಿಲ್ಲ. ತುಂಬಿದ ಡಬ್ಬಿ ಸಂಜೆ ವಾಪಸ್ ಬಂದರೂ ಮರುದಿನ ಮತ್ತೆ ಹೊಸದಾಗಿ ಕಟ್ಟಿ ಕಳಿಸುತ್ತೀಯಂತೆ. ನಿನ್ನೆ ಸಂಜೆ ಸ್ಟ್ಯಾಂಡಿನಲ್ಲಿ ಅಪ್ಪಾಸಾಬ ನನ್ನನ್ನು ತಡೆದು ನಿಲ್ಲಿಸಿದ. "ಏನವಾ ತಂಗಿ, ನಿಮ್ಮವ್ವನ ಬುತ್ತಿ ಮೂರ ದಿನದಿಂದ ಹಿಪ್ಪರಗಿ ಜಮಖಂಡಿ ತಿರಗಾಕತ್ತೈತಿ. ಹೆಣ್ಮಕ್ಕಳಿಗಿ ಟಿಕೇಟ ಇಲ್ಲ ಖರೆ, ರೊಟ್ಟಿಗೂ ಇಲ್ಲಂತ ತಿಳದೀರೇನ?" ಸುತ್ತಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಪಲ್ಯ ಹಳಸಿತ್ತು. ರೊಟ್ಟಿ ಐದು ಇದ್ದವು, ಎರಡಲ್ಲ.

ಅವ್ವಾ, "ನೀ ಸುಖಾ ಇದ್ರ ನಾ ಸುಖಾ" ಎಂದು ಬರೆದೆಯಲ್ಲ, ಇನ್ನು ಮುಂದೆ ಆ ಮಾತು ಬರೆಯಬೇಡ. ನಾಲ್ಕು ಸಲ ಬೆಳಗಾವಿಗೆ ಪರೀಕ್ಷೆ ಬರೆಯಲು ಹೋದೆ, ಒಂದು ಸಲವೂ ನಾನೊಬ್ಬಳೇ ಹೋಗಿಲ್ಲ. ನಿನ್ನನ್ನು, ಅಪ್ಪನನ್ನು, ಅಣ್ಣನ ಮದುವೆಯನ್ನು, ಮನೆಯ ಗೋಡೆಗಳನ್ನು ಎಲ್ಲ ಹೊತ್ತುಕೊಂಡು ಹೋಗಿ ಕೂತಿದ್ದೇನೆ. ಮೊದಲ ಅರ್ಧ ಗಂಟೆ ಪ್ರಶ್ನೆಪತ್ರಿಕೆ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಅವ್ವ ಈಗ ದೇವರ ಮುಂದೆ ಕೂತಿರಬಹುದು, ಅವ್ವ ಉಂಡಿರಲಿಕ್ಕಿಲ್ಲ, ಇದೇ ಯೋಚನೆ. ಆ ಎರಡು ಅಂಕ ಎಲ್ಲಿ ಹೋದವು ಎಂದು ನನಗೆ ಗೊತ್ತಿದೆ. ಇದು ಕ್ರೂರ ಮಾತು. ಆದರೂ ಬರೆಯುತ್ತಿದ್ದೇನೆ.

ನನ್ನ ಸುಖಕ್ಕೆ ಇನ್ನು ನಾನೇ ಹೊಣೆ. ಕೆಟ್ಟರೂ ನನ್ನ ಕೈಯಿಂದಲೇ ಕೆಡಲಿ. ನಿನ್ನದಕ್ಕೆ ನೀನು ಹೊಣೆಯಾಗು. ಎರಡನ್ನೂ ಹೊರಲು ನನ್ನಿಂದ ಆಗುವುದಿಲ್ಲ, ಖಂಡಿತ ಆಗುವುದಿಲ್ಲ.

ನಾಳೆಯಿಂದ ಸ್ಟ್ಯಾಂಡಿಗೆ ಯಾರೂ ಬರುವುದಿಲ್ಲ.

ಗಂಗಾ


ಜಮಖಂಡಿ
ಸೆಪ್ಟೆಂಬರ್ 30

ಅವ್ವಾ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಇಪ್ಪತ್ತಾರು ದಿನವಾಯಿತು, ನಿನ್ನಿಂದ ಒಂದಕ್ಷರ ಇಲ್ಲ.

ಯಾರೂ ಬರುವುದಿಲ್ಲ ಎಂದು ಬರೆದವಳು ನಾನೇ. ಮರುದಿನ ಎಂಟರ ಬಸ್ಸು ಬಿಟ್ಟು ಸ್ಟ್ಯಾಂಡಿನಲ್ಲಿ ನಿಂತವಳೂ ನಾನೇ. ಹಿಪ್ಪರಗಿ ಬಸ್ಸು ಬಂತು. ಬಾನೆಟ್ ಪಕ್ಕ ಬೇರೆ ಹುಡುಗರ ಬುತ್ತಿಗಳಿದ್ದವು, ನಿನ್ನದಿರಲಿಲ್ಲ. "ಎರಡ ಸಲ ಹಾರ್ನ ಹೊಡದೆ, ನಿಮ್ಮವ್ವ ಬರಲಿಲ್ಲವಾ" ಅಂದ ಅಪ್ಪಾಸಾಬ. ಕೇಳಿದ್ದು ಸಿಕ್ಕಿತು ಎಂದು ಖುಷಿಯಾಗಬೇಕಿತ್ತು. ಅಳು ಬಂತು. ಎಂಟು ದಿನ ಹಾಗೆ ನಿಂತು ನೋಡಿದೆ.

ಮೊನ್ನೆ ಅಪ್ಪನಿಗೆ ಫೋನ್ ಮಾಡಿದೆ. "ಅಕಿ ಆರಾಮ ಅದಾಳ" ಅಂದ. ನಿನ್ನನ್ನು ಕರೆಯಲಿಲ್ಲ, ಕರೆ ಎನ್ನಲು ನನಗೂ ಬಾಯಿ ಬರಲಿಲ್ಲ. ಅದೇ ಉಸಿರಿನಲ್ಲಿ ಅವನಿಗೆ ಬನಹಟ್ಟಿಯದು, ಅರ್ಜಿಯದು ಎಲ್ಲ ಹೇಳಿಬಿಟ್ಟೆ. "ಗುರಪ್ಪಗ ಏನ ಹೇಳಲಿ?" ಎಂದ. "ಫೇಲಾಗ್ಯಾಳಂತ ಹೇಳು" ಅಂದೆ. "ಹೂಂ" ಅಂದ. ಅಷ್ಟೇ. ಇಷ್ಟು ಸುಲಭವಿತ್ತೇ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಇನ್ನೊಂದು ವಿಚಿತ್ರ. ಹದಿನೈದು ದಿನದ ಹಿಂದೆ, ಬನಹಟ್ಟಿಯಿಂದ ಬಂದು, ಯಾರೂ ಹೇಳದೆ, ಎರಡನೇ ಗುಂಪಿನ ಕಾಸ್ಟಿಂಗ್ ಪುಸ್ತಕ ತೆಗೆದೆ. ಮೊದಲನೆಯದೇ ಮುಗಿದಿಲ್ಲ, ಇದೇಕೆ ಎಂದು ಇಷ್ಟು ದಿನ ಮುಟ್ಟಿರಲಿಲ್ಲ. ಅದರಲ್ಲಿ ನೋಡಿದರೆ ಎಲ್ಲ ಬನಹಟ್ಟಿಯದೇ ಮಾತು. ನೂಲು, ಕೂಲಿ, ಕರೆಂಟು, ಹಾಳಾದ ಸೀರೆ. ಶಿವವ್ವನ ಅರ್ಧ ದಿನದ ಕೂಲಿಯನ್ನು ಯಾವ ಸೀರೆಗೆ ಹಚ್ಚಬೇಕು ಎಂದು ಊಟ ಬಿಟ್ಟು ಯೋಚಿಸುತ್ತ ಕೂತೆ. ನನಗೆ ಇದು ಇಷ್ಟ, ಅವ್ವಾ. ಇಷ್ಟು ವರ್ಷ ಓದಿದೆ, ಇಷ್ಟವೋ ಅಲ್ಲವೋ ಎಂದೇ ಗೊತ್ತಿರಲಿಲ್ಲ.

ಇದನ್ನು ಹೇಳಲು ನೀನು ಬೇಕು. ಬೈದಾದರೂ ಒಂದು ಚೀಟಿ ಬರೆ.

ಗಂಗಾ


ಬೀಳಗಿ
ಅಕ್ಟೋಬರ್ 14

ಗಂಗಾ,

ನಿನ್ನ ಕಾಗದಾ ನಿಮ್ಮಣ್ಣ ಸಂಜ್ಯಾ ಇಲ್ಲಿಗಿ ತಂದ ಕೊಟ್ಟ. ನಾ ಬೀಳಗ್ಯಾಗ ತಾರವ್ವನ ಮನ್ಯಾಗ ಅದೇನಿ. ಹನ್ನೆರಡ ದಿನ ಆತು.

ನೀ ಹಂಗ ಬರದ ಚೀಟಿ ಬಂದ ಮರದಿನಾನೂ ರೊಟ್ಟಿ ಮಾಡಿದೆ. ಕೈಗಿ ರೂಢಿ. ಬುತ್ತಿನೂ ಕಟ್ಟಿದೆ. ಬಸ್ಸ ಹಾರ್ನ ಹೊಡೀತು, ಏಳಲಿಲ್ಲ. ಮತ್ತ ಹೊಡೀತು. ಒಲಿ ಮುಂದ ಹಂಗ ಕುಂತೆ. ಬಸ್ಸ ಹೋತು. ಆಮ್ಯಾಲ ಹಂಚಿನ ಮ್ಯಾಲಿನ ರೊಟ್ಟಿ ತಗದ ಬಿಸೀದ ತಿಂದೆ. ತಿನಕೋತ ನಿನಗ ಬೈದೆ, ಬೈಕೋತ ಅತ್ತೆ.

ಮುಂದ ಇಪ್ಪತ್ತೈದ ದಿನ ಹುಚ್ಚ ಹಿಡದಂಗ ಆಗಿತ್ತು. ನಾಕಕ್ಕ ಎಚ್ಚರಾಗತಿತ್ತು, ಮಾಡೂದ ಏನೂ ಇರತಿದ್ದಿಲ್ಲ. ಕಸಾ ಹೊಡದ ಅಂಗಳಾನ ಮತ್ತ ಹೊಡೀತಿದ್ದೆ. ನಿಮ್ಮಪ್ಪ ನೋಡಿ ನೋಡಿ "ಫೇಲಾದಾಕಿ ಅಕಿ, ನೀ ಯಾಕ ಹಿಂಗಾದಿ?" ಅಂದ್ರು. ಆ ಮಾತ ತಲ್ಯಾಗ ಕುಂತ ಬಿಡ್ತು. ಅದಕ್ಕ ಒಂದ ಚೀಲದಾಗ ಎರಡ ಸೀರಿ ಹಾಕ್ಕೊಂಡ ಬಸ್ಸ ಹತ್ತಿದೆ. ಯಾರನ್ನೂ ಕೇಳಲಿಲ್ಲ. ಹೊಕ್ಕೇನಿ ಅಂದೆ, ಬಂದೆ.

ಈಗ ಬರಿಯೂದನ್ನ ಓದಿ ಹರದ ಒಗಿ. ತಾರವ್ವಗೂ ಹೇಳಿಲ್ಲ ನಾ. ಜುಲೈದಾಗ ನೀ ಫೇಲಂತ ಚೀಟಿ ಬಂತಲ್ಲ, ನಿನ್ನ ಸಂಬಂಧ ಮರಮರ ಮರಗಿದೆ, ಅದ ಖರೆ. ಆದ್ರ ಹೊಟ್ಟ್ಯಾಗ ಒಂದ ಮೂಲ್ಯಾಗ ಸಮಾಧಾನ ಆತು. ಬುತ್ತಿ ಇನ್ನೂ ಇಷ್ಟ ದಿನ ಐತಿ ಅಂತ. ನೀ ಪಾಸಾಗಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿಬಿಟ್ರ ನಾ ನಾಕಕ್ಕ ಎದ್ದ ಏನ ಮಾಡಲಿ? ಅದರ ಹಿಂದಿನ ಸಲಾನೂ ಹಂಗ ಆಗಿತ್ತು. ಹಡದಾಕಿ ಹಿಂಗ ಅನಕೋಬಾರದು. ಅನಕೊಂಡೆ. ನೀ ಸುಖಾ ಇದ್ರ ನಾ ಸುಖಾ ಅಂತ ಬರದಿದ್ನಲ್ಲ, ಅದೂ ಪೂರಾ ಖರೆ ಅಲ್ಲ ನೋಡ.

ಇಲ್ಲೂ ಜೀವ ನಿಂದರವಲ್ದು. ತಾರವ್ವ "ನಿನಗ ಏನ ಸೇರತೈತಿ, ಅದನ್ನ ಮಾಡತೀನಿ" ಅಂದ್ರ, ನನಗ ಏನ ಸೇರತೈತಿ ಅನ್ನೂದ ನೆನಪಾಗವಲ್ದು. ಮುಂಜಾನೆ ಇಬ್ಬರೂ ಕೂಡಿ ಅಡ್ಡಾಡಾಕ ಹೊಕ್ಕೇವಿ. ನಿನ್ನಿ ಒಂದ ತಾಸ ನಿನ್ನ ನೆನಪ ಬರಲಾರದ ಹೋತು. ತಪ್ಪ ಮಾಡಿದಂಗ ಅನಸ್ತು. ಛಲೋನೂ ಅನಸ್ತು.

ಕಸ್ತೂರಿ
(ಇಲ್ಲಿ ತಾರವ್ವ ಸಣ್ಣಾಕಿ ಆದ್ರೂ ಹಂಗ ಕರೀತಾಳ.)


ಜಮಖಂಡಿ
ನವೆಂಬರ್ 7

ಅವ್ವಾ,

ನಿನ್ನ ಕಾಗದ ಹರಿದು ಒಗೆಯಲಿಲ್ಲ. ಒಗೆಯಬೇಕು ಅನ್ನಿಸಿತ್ತು. ಮೂರು ವಾರ ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದಲೇ. ನಾನಿಲ್ಲಿ ದಿಂಬಿಗೆ ಬಾಯಿ ಒತ್ತಿ ಅಳುತ್ತಿದ್ದಾಗ ನಿನ್ನ ಹೊಟ್ಟೆಯಲ್ಲಿ ಸಮಾಧಾನವಾಗಿತ್ತು ಎಂದರೆ ಯಾವ ಮಗಳಿಗೆ ಸಿಟ್ಟು ಬರುವುದಿಲ್ಲ ಹೇಳು? ಶಿವವ್ವನ ಮೇಲೆ, ಸುಭಾಷ್ ಅವರ ಮೇಲೆ, ಬಸ್ಸಿನ ಕಿಟಕಿಯ ಮೇಲೆ, ಸಿಕ್ಕವರ ಮೇಲೆಲ್ಲ ಹರಿಹಾಯ್ದೆ. "ಏನ ಬಂದೈತಿ ಇಕಿಗಿ?" ಎಂದು ಶಿವವ್ವ ಎರಡು ದಿನ ದೂರ ಕೂತು ಉಂಡಳು.

ಆಮೇಲೆ ನನ್ನದೂ ನೆನಪಾಯಿತು. ಪ್ರೀತಿಯ ಫೋನಿನಲ್ಲಿ ಫಲಿತಾಂಶ ನೋಡಿದೆನಲ್ಲ, ಅಳುವುದಕ್ಕೆ ಮುಂಚೆ, ಒಂದೇ ಒಂದು ಕ್ಷಣ, ನನಗೂ ಹಗುರಾಗಿತ್ತು. ಪಾಸಾಗಿದ್ದರೆ ಮರುದಿನದಿಂದ ಸುಖವಾಗಿರಬೇಕಿತ್ತು. ಅದನ್ನು ಹೇಗೆ ಮಾಡುವುದೋ ನನಗೆ ತಿಳಿದಿರಲಿಲ್ಲ. ಫೇಲಾದದ್ದರಿಂದ ಇನ್ನಷ್ಟು ದಿನ ಸಿಕ್ಕವು. ನಿನಗೆ ಬುತ್ತಿ ಇತ್ತು, ನನಗೆ ಪರೀಕ್ಷೆ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೆವ ಮಾಡಿಕೊಂಡು ಕೂತಿದ್ದೆವು.

ಜನವರಿ ಪರೀಕ್ಷೆಗೆ ಅರ್ಜಿ ತುಂಬಿದೆ. ಎರಡೂ ಗುಂಪು. ನನಗೆ ಬೇಕಾಗಿ ತುಂಬಿದೆ. ಬನಹಟ್ಟಿಯನ್ನೂ ಬಿಡುವುದಿಲ್ಲ, ಮಧ್ಯಾಹ್ನದವರೆಗೆ ಬಂದರೆ ಸಾಕು ಎಂದು ಸುಭಾಷ್ ಅವರು ಹೇಳಿದ್ದಾರೆ. ಮತ್ತೆ ಫೇಲಾಗಬಹುದು. ಆದರೆ ಈ ಸಲ ಫೇಲಾಗುವವಳು ನಾನೊಬ್ಬಳೇ. ಧೈರ್ಯ ಬಂದಿದೆ ಎಂದು ತಿಳಿಯಬೇಡ, ಈಗಲೂ ಸಂಜೆಯಾದರೆ ಮಾಳಿಗೆ ಹತ್ತಿ ಇಳಿಯುತ್ತೇನೆ.

ಅಪ್ಪ ಫೋನ್ ಮಾಡಿದ್ದ. "ನಿಮ್ಮವ್ವ ಯಾವಾಗ ಬರತಾಳಂತ?" ಎಂದು ನನ್ನನ್ನು ಕೇಳುತ್ತಾನೆ. "ನನಗ್ಯಾಕ ಕೇಳತಿಯಪಾ, ಅಕಿನ್ನ ಕೇಳು" ಅಂದೆ. "ಅಕಿನ್ನ ಹೆಂಗ ಕೇಳಲಿ?" ಅಂದ. ಪಾಪ, ಅವನಿಗೆ ನಿಜವಾಗಿಯೂ ಗೊತ್ತಿಲ್ಲ. ಕೇಳಿದರೆ ನಿನಗೆ ಬರಬೇಕು ಅನ್ನಿಸಿದ ದಿನವನ್ನೇ ಹೇಳು. ಇನ್ನೂ ಅನ್ನಿಸಿಲ್ಲದಿದ್ದರೆ ಅದನ್ನೂ ಹೇಳು.

ಫಲಿತಾಂಶ ಮಾರ್ಚಿನಲ್ಲಿ ಬರುತ್ತದೆ. ಆ ದಿನ ಮೊದಲು ನಿನಗೆ ತಿಳಿಸುವುದಿಲ್ಲ. ನಾನೊಬ್ಬಳೇ ಕೂತು ನನಗೇನು ಅನ್ನಿಸಿತು ಎಂದು ನೋಡುತ್ತೇನೆ, ಆಮೇಲೆ ಬರೆಯುತ್ತೇನೆ. ನೀನೂ ಹಾಗೇ ಮಾಡು. ಕಾಗದ ಮುಟ್ಟಿದ ಕೂಡಲೇ "ಚಿಂತಿ ಮಾಡಬ್ಯಾಡ" ಎಂದು ಬರೆಯಲು ಕೂರಬೇಡ. ನಾನು ಪಾಸಾದೆನೆಂದು ನಿನಗೆ ಸಂಕಟವಾದರೆ ಸಂಕಟವಾಯಿತು ಅಂತಲೇ ಬರೆ. ನಾನು ಓದುತ್ತೇನೆ.

ಗಂಗಾ